ಬಲಗಡೆಯಿಂದ ಕರೆದರೆ

ನಮ್ಮ ಕ್ಲಬ್ಬಿನಲ್ಲಿ ಇಬ್ಬರು ರೈಟ್ ಬ್ಯಾಕ್‌ಗಳಿದ್ದರು. ಫೈನಲ್‌ಗೆ ಅವರಲ್ಲಿ ಒಬ್ಬನನ್ನು ಆರಿಸಬೇಕಿತ್ತು. ವಿಷಯ ಇಷ್ಟೇ. ಆದರೆ ಪೇಪರಿನವರು, ಟಿ.ವಿ.ಯವರು ಸೇರಿ ಅದನ್ನು ಜಗಿದೂ ಜಗಿದೂ ಚಪ್ಪೆ ಮಾಡಿದರು. ಹುಟ್ಟಿದಾಗಿನಿಂದ ಒಂದು ಚೆಂಡಿಗೂ ಕಾಲು ತಾಗಿಸದವರು ಕೋಟು ಹಾಕಿಕೊಂಡು ಕೂತು, ಪರದೆಯ ಮೇಲೆ ಬಾಣಗಳನ್ನು ಎಳೆದು, ‘ಅನುಭವವೋ, ವೇಗವೋ’ ಎಂದು ಚರ್ಚೆ ಮಾಡಿದರು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರಶ್ನೆ ಅನುಭವದ್ದೂ ಅಲ್ಲ, ವೇಗದ್ದೂ ಅಲ್ಲ ಎನ್ನುವುದು ಗೊತ್ತಿದ್ದವರು ಮೂರೇ ಜನ. ನಾನು ಮತ್ತು ಆ ಇಬ್ಬರು.

ನನ್ನ ಹೆಸರು ನಂದಕುಮಾರ್. ಈ ಕ್ಲಬ್ಬಿನ ಅಸಿಸ್ಟೆಂಟ್ ಕೋಚ್. ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದವನು, ಅಲ್ಲಿಯ ಕಾರ್ಖಾನೆ ತಂಡಕ್ಕೆ ಮಂಡಿ ಕೈಕೊಡುವ ತನಕ ರೈಟ್ ಬ್ಯಾಕ್ ಆಡಿದವನು. ನಮ್ಮ ಹೆಡ್ ಕೋಚ್ ಪೋರ್ಚುಗಲ್ ದೇಶದವರು, ಒಳ್ಳೆಯ ಮನುಷ್ಯ, ಬಿಸಿಲಿಗೆ ಮಾತ್ರ ಟೊಮೆಟೊ ಆಗಿಬಿಡುತ್ತಾರೆ. ಮೊದಲ ದಿನವೇ ನನ್ನ ಭುಜ ತಟ್ಟಿ, “ರೈಟ್ ಬ್ಯಾಕ್ ನಿನ್ನ ಜಾಗ. ಅಲ್ಲಿ ಯಾರು ಆಡಬೇಕು ಅನ್ನುವುದನ್ನು ನೀನೇ ಹೇಳು” ಎಂದಿದ್ದರು. ಆಗ ಅದು ನನಗೆ ದೊಡ್ಡ ಮರ್ಯಾದೆ ಅನ್ನಿಸಿತ್ತು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ರೈಟ್ ಬ್ಯಾಕ್ ಎಂದರೆ ಮೈದಾನದ ಬಲ ಅಂಚನ್ನು ಕಾಯುವವನು. ಅವನ ಬಲಕ್ಕೆ ಬಿಳಿ ಗೆರೆ, ಅದರಾಚೆಗೆ ನಮ್ಮವರು ಯಾರೂ ಇಲ್ಲ. ಇಡೀ ತಂಡ ಇರುವುದು ಅವನ ಎಡಕ್ಕೆ. ಬೆನ್ನ ಹಿಂದೆ ಯಾರು ಓಡಿ ಬರುತ್ತಿದ್ದಾನೆ, ಗೋಲ್‌ಕೀಪರ್ ಮುಂದೆ ಬಂದನೇ, ಉಳಿದ ಡಿಫೆಂಡರ್‌ಗಳು ಮೇಲೆ, ಅಂದರೆ ಎದುರಾಳಿಯ ಗೋಲಿನತ್ತ ಮುಂದಕ್ಕೆ ಹೋದರೇ ಎನ್ನುವುದನ್ನೆಲ್ಲ ಅವನು ತಿರುಗಿ ನೋಡುತ್ತ ಕೂರಲು ಆಗುವುದಿಲ್ಲ. ಎಡಗಡೆಯಿಂದ ಬರುವ ಕೂಗನ್ನು ಕೇಳಿಯೇ ತಿಳಿಯಬೇಕು.

ಹದಿನೈದು ವರ್ಷಗಳಲ್ಲಿ ಮುನೇಶ್‌ನಷ್ಟು ಚೆನ್ನಾಗಿ ಆ ಅಂಚನ್ನು ಕಾದವನನ್ನು ನಾನು ನೋಡಿಲ್ಲ. ಅಬ್ಬಿಗೆರೆಯವನು. ಊರಿನ ಸುತ್ತ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ, ಕಟಾವಾದ ಹೊಲದಲ್ಲಿ ಬರಿಗಾಲಲ್ಲಿ ಆಡಿ ಕಲಿತವನು. ಕ್ಲಬ್ ಶುರುವಾದಾಗಿನಿಂದ ಇದ್ದಾನೆ, ಈಗ ಕ್ಯಾಪ್ಟನ್. ವಯಸ್ಸು ಮೂವತ್ತನಾಲ್ಕು. ಈ ಸೀಸನ್‌ಗೆ ಅವನ ಒಪ್ಪಂದ ಮುಗಿಯುತ್ತದೆ, ಮತ್ತೆ ಬರೆಯುವುದಿಲ್ಲ ಎಂದು ಕ್ಲಬ್ಬಿನವರು ಹೇಳಿಯಾಗಿತ್ತು. ಅವನಿಗೆ ಉಳಿದದ್ದು ಒಂದೇ ಆಸೆ, ಕಪ್ಪಿನ ಫೈನಲ್ ಆಡಿ ಬೂಟು ಬಿಚ್ಚಬೇಕು. ಹಿಂದೆ ಎರಡು ಸಲ ಸೆಮಿಫೈನಲ್‌ನಲ್ಲಿ ಸೋತು, ಎರಡು ಸಲವೂ ಬಸ್ಸಿನ ಕೊನೇ ಸೀಟಿನಲ್ಲಿ ಮುಖಕ್ಕೆ ಟವೆಲ್ ಹಾಕಿಕೊಂಡು ಅತ್ತಿದ್ದ. ಈ ಸಲ ಫೈನಲ್ ನಮ್ಮ ಬೆಂಗಳೂರಿನಲ್ಲೇ ನಡೆಯಲಿತ್ತು.

ಇನ್ನೊಬ್ಬ ಸುಫಿಯಾನ್. ಆರ್.ಟಿ. ನಗರದ ಹುಡುಗ, ಇಪ್ಪತ್ತೊಂದು ವರ್ಷ. ತಂದೆ ಲಾಲ್ ಸಾಬ್ ಅವರದು ಪರದೆ ಬಟ್ಟೆಯ ಅಂಗಡಿ. ಸುಫಿಯಾನ್ ಎಲ್ಲೋ ಶಾಲಾ ಮೈದಾನದಲ್ಲಿ ಆಡುತ್ತಿದ್ದುದನ್ನು ಕಂಡು, ಕೈ ಹಿಡಿದು ಕ್ಲಬ್ಬಿಗೆ ಕರೆತಂದವನು ಮುನೇಶನೇ. “ನಂದಣ್ಣ, ನನ್ ಜಾಗಕ್ಕೆ ಇವನ್ನ ತಯಾರ್ ಮಾಡಿ” ಎಂದು ನಕ್ಕಿದ್ದ. ತಯಾರಾದ ಮೇಲೆ ಜಾಗ ಬಿಡುವುದು ಯಾರಿಗೂ ಸುಲಭವಲ್ಲ, ಅದು ಬೇರೆ ಮಾತು.

ಆ ಸೀಸನ್‌ನಲ್ಲಿ ಮುನೇಶನ ಆಟದಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಮೊದಲರ್ಧದಲ್ಲಿ ತಪ್ಪು ಮಾಡುತ್ತಿದ್ದ. ಉಳಿದವರು ಮೇಲೆ ಹೋದಾಗ ಇವನೊಬ್ಬ ಹಿಂದೆ ಉಳಿಯುತ್ತಿದ್ದ, ಆಫ್‌ಸೈಡ್ ಆಗಬೇಕಾದ ಎದುರಾಳಿ ಆರಾಮಾಗಿ ಗೋಲು ಹೊಡೆದು ಹೋಗುತ್ತಿದ್ದ. ಬೆನ್ನ ಹಿಂದೆ ಬಂದವನು ಚೆಂಡು ಕಸಿದುಕೊಂಡ ಮೇಲೆ ಇವನಿಗೆ ಎಚ್ಚರವಾಗುತ್ತಿತ್ತು. ಆದರೆ ಎರಡನೇ ಅರ್ಧದಲ್ಲಿ ಹಳೆಯ ಮುನೇಶನೇ. ಒಂದು ನೊಣವೂ ಅವನನ್ನು ದಾಟಿ ಹೋಗುತ್ತಿರಲಿಲ್ಲ.

ನಾವೆಲ್ಲ ಸೇರಿ ತಲೆ ಓಡಿಸಿದೆವು. ಟ್ರೈನರ್, ಫಿಸಿಯೊ, ಹೆಡ್ ಕೋಚ್, ನಾನು. ವಯಸ್ಸಾಯಿತು, ಮೈ ಬಿಸಿಯಾಗಲು ಹೊತ್ತು ಬೇಕು, ಚಳಿಗಾಲದ ಬೆಳಿಗ್ಗೆ ಯಶವಂತಪುರದ ಯಾರ್ಡಿನಲ್ಲಿ ನಿಂತ ಹಳೇ ಲಾರಿಯ ಹಾಗೆ ಎಂದು ತೀರ್ಮಾನವಾಯಿತು. ಮ್ಯಾಚಿಗೆ ಮುಂಚೆ ಉಳಿದವರಿಗಿಂತ ಅರ್ಧ ಗಂಟೆ ಮೊದಲೇ ಅವನನ್ನು ಓಡಿಸಲು ಶುರು ಮಾಡಿದೆವು. ಪಾಪ, ಒಂದು ಮಾತೂ ಆಡದೆ ಓಡಿದ. ಅವನ ಮಂಡಿಯನ್ನು ಎಷ್ಟು ಸಲ ಸ್ಕ್ಯಾನ್ ಮಾಡಿಸಿದೆವೋ ಲೆಕ್ಕವಿಲ್ಲ. ಹೃದಯ ನೋಡಿದರು, ರಕ್ತ ನೋಡಿದರು, ಪಾದದ ಅಚ್ಚು ತೆಗೆದರು.

ಸುಫಿಯಾನ್ ಬಗ್ಗೆ ಆಗ ತಂಡದಲ್ಲಿ ಒಳ್ಳೆಯ ಮಾತಿರಲಿಲ್ಲ. ಕಾರಣವೂ ಇತ್ತು. ಎರಡನೇ ಅರ್ಧ ಶುರುವಾಗುತ್ತಿದ್ದಂತೆ ಅವನು ಬೆಂಚಿನಿಂದ ಎದ್ದು, ವಾರ್ಮ್ ಅಪ್ ಮಾಡುವ ನೆಪದಲ್ಲಿ ಗೆರೆಯ ಹೊರಗೆ ಮುನೇಶನ ಪಕ್ಕದಲ್ಲೇ ಮೇಲೆ ಕೆಳಗೆ ಓಡುತ್ತಿದ್ದ. ಒಂದು ನಿಮಿಷ ಕೂರುತ್ತಿರಲಿಲ್ಲ. ಓಡುತ್ತಲೇ ಕೂಗುತ್ತಿದ್ದ. “ಅಣ್ಣಾ, ಹಿಂದೆ! ಅಣ್ಣಾ, ಮೇಲೆ ಹೋಗಿ! ಕೀಪರ್ ಬಂದ, ಬಿಡಿ ಬಿಡಿ!” ಫುಟ್‌ಬೋರ್ಡಿನ ಮೇಲೆ ನಿಂತು ಡ್ರೈವರಿಗೆ ದಾರಿ ಹೇಳುವ ಬಿ.ಎಂ.ಟಿ.ಸಿ. ಕಂಡಕ್ಟರನ ಹಾಗೆ. ಹುಡುಗರು ಅವನಿಗೆ ‘ಕಂಡಕ್ಟರ್’ ಎಂದೇ ಹೆಸರಿಟ್ಟರು. ಕ್ಯಾಪ್ಟನ್‌ಗೇ ಆಟ ಹೇಳಿಕೊಡುತ್ತಾನೆ, ಹಿರಿಯನ ಜಾಗಕ್ಕೆ ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ ಎಂದು ಊಟದ ಮೇಜಿನಲ್ಲಿ ಅವನ ಪಕ್ಕ ಕೂರುವವರೇ ಕಡಿಮೆಯಾದರು.

ನನಗೂ ಸಿಟ್ಟು ಬಂದಿತ್ತು. ಒಂದು ದಿನ ಯಲಹಂಕದ ಪ್ರಾಕ್ಟೀಸ್ ಮೈದಾನದಲ್ಲಿ ಎಲ್ಲರ ಮುಂದೆಯೇ, “ಏನೋ, ಅಣ್ಣನ್ ಜಾಗ ಇವತ್ತೇ ಬೇಕಾ ನಿಂಗೆ? ಸ್ವಲ್ಪ ತಡ್ಕೊಳ್ಳಕ್ಕಾಗಲ್ವಾ?” ಎಂದು ಬೈದೆ. ಅವನು ತಲೆ ತಗ್ಗಿಸಿ ಬೂಟಿನ ಲೇಸು ಕಟ್ಟಿಕೊಳ್ಳುತ್ತ ಕೂತ. ಮುನೇಶ್ ದೂರದಲ್ಲಿ ನಿಂತು ನೀರು ಕುಡಿಯುತ್ತಿದ್ದ, ನನ್ನ ಮಾತು ಅವನಿಗೆ ಕೇಳಲಿಲ್ಲ ಎಂದುಕೊಂಡೆ.

ಸೆಮಿಫೈನಲ್ ದಿನ ಟಾಸ್ ಸೋತೆವು. ಮುನೇಶ್ ಟಾಸ್ ಗೆದ್ದಾಗಲೆಲ್ಲ ಒಂದೇ ಬದಿ ಕೇಳುತ್ತಿದ್ದ, ಅದು ಅವನ ನಂಬಿಕೆ ಎಂದು ನಾವು ತಿಳಿದಿದ್ದೆವು. ಆಟಗಾರರಿಗೆ ಇಂಥ ನಂಬಿಕೆಗಳು ಬಹಳ. ಒಬ್ಬ ಎಡಗಾಲು ಮೊದಲಿಡುತ್ತಾನೆ, ಇನ್ನೊಬ್ಬ ಹರಕಲು ಸಾಕ್ಸ್ ಬಿಡುವುದಿಲ್ಲ. ಎದುರಾಳಿ ನಾಯಕರು ಸಾಮಾನ್ಯವಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ದಿನದ ನಾಯಕ ಮಾತ್ರ ಬದಿಯನ್ನು ತಾನೇ ಆರಿಸಿದ. ಹಾಗಾಗಿ ಎಂದಿನ ಕ್ರಮ ತಿರುಗುಮುರುಗಾಗಿ ಮುನೇಶ್ ಮೊದಲರ್ಧದಲ್ಲಿ ನಮ್ಮ ಬೆಂಚಿನ ಮುಂದೆ ಆಡಿದ, ಎರಡನೇ ಅರ್ಧದಲ್ಲಿ ಆಚೆ ಬದಿಗೆ ಹೋದ.

ಸುಫಿಯಾನ್ ಆ ದಿನ ಮೊದಲ ನಿಮಿಷದಿಂದಲೇ ಎದ್ದು ಓಡತೊಡಗಿದ. ಮುನೇಶ್ ಮೊದಲರ್ಧ ಸೊಗಸಾಗಿ ಆಡಿದ. ನೋಡಿ, ಅರ್ಧ ಗಂಟೆ ಓಡಿಸಿದ್ದು ಫಲ ಕೊಟ್ಟಿತು ಎಂದು ನಮ್ಮ ಟ್ರೈನರ್ ಬೀಗಿದ. ಎರಡನೇ ಅರ್ಧದಲ್ಲಿ ಸುಫಿಯಾನ್ ಗೋಲ್‌ಪೋಸ್ಟಿನ ಹಿಂದಿನಿಂದ ಸುತ್ತಿ ಆಚೆ ಬದಿಗೆ ಓಡಿದ. ಅಲ್ಲಿ ಬದಲಿ ಆಟಗಾರರು ಹೋಗುವ ಹಾಗಿಲ್ಲ. ರೆಫರಿಗಳು ಅವನನ್ನು ಹಿಂದಕ್ಕೆ ಕಳಿಸಿ ಹಳದಿ ಕಾರ್ಡ್ ತೋರಿಸಿದರು. ವಾಪಸು ಬಂದವನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ನನ್ನನ್ನು ನೋಡಲೇ ಇಲ್ಲ, ಆಚೆ ಬದಿಯನ್ನೇ ನೋಡುತ್ತಿದ್ದ. ಬಾಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ.

ಒಂದು ಎತ್ತರದ ಚೆಂಡು ನಮ್ಮ ಗೋಲಿನತ್ತ ಬಂತು. ಚೆಂಡು ನನಗೆ ಬಿಡಿ ಎನ್ನುವಂತೆ ಗೋಲ್‌ಕೀಪರ್ ಅಶ್ವತ್ಥ್ ‘ಕೀಪರ್’ ಎಂದು ಕೂಗಿಕೊಂಡು ಮುಂದೆ ಬಂದ. ಆ ಕೂಗು ಬೆಂಚಿನಲ್ಲಿದ್ದ ನನಗೆ ಕೇಳಿಸಿತು. ಎರಡು ಹೆಜ್ಜೆ ದೂರದಲ್ಲಿದ್ದ ಮುನೇಶ್ ನಿಲ್ಲಲಿಲ್ಲ. ಹಾರಿದ. ಅವನ ಮಂಡಿ ಅಶ್ವತ್ಥನ ಪಕ್ಕೆಗೆ ಬಡಿಯಿತು. ಚೆಂಡು ಗೋಲಿನೊಳಗೆ ಹೋಯಿತು, ಅಶ್ವತ್ಥ್ ಸ್ಟ್ರೆಚರ್ ಮೇಲೆ ಹೊರಗೆ ಹೋದ. ಎರಡು ಪಕ್ಕೆಲುಬು ಮುರಿದಿತ್ತು. ಮ್ಯಾಚನ್ನು ಹೇಗೋ ಎರಡು–ಒಂದರಲ್ಲಿ ಗೆದ್ದೆವು. ಎಲ್ಲರೂ ಕುಣಿಯುತ್ತಿದ್ದಾಗ ಮುನೇಶ್ ಹುಲ್ಲಿನ ಮೇಲೆ ಕೂತು ತನ್ನ ಮಂಡಿಯನ್ನೇ ನೋಡುತ್ತಿದ್ದ.

ಮರುದಿನ ಮ್ಯಾಚಿನ ವಿಡಿಯೊ ಹಾಕಿಕೊಂಡು ಕೂತೆ. ಆಮೇಲೆ ಹಿಂದಿನ ಮ್ಯಾಚು, ಅದರ ಹಿಂದಿನದು. ಮುನೇಶನನ್ನು ನೋಡುವುದು ಬಿಟ್ಟು ಸುಫಿಯಾನ್ ಎಲ್ಲಿದ್ದಾನೆ ಎಂದು ನೋಡಿದೆ. ಸುಫಿಯಾನ್ ಪಕ್ಕದಲ್ಲಿ ಓಡುತ್ತಿದ್ದರೆ ಮುನೇಶ್ ಒಂದು ತಪ್ಪೂ ಮಾಡಿರಲಿಲ್ಲ. ಅವನಿಲ್ಲದ ಕಡೆ, ಎಡಗಡೆಯಿಂದ ನಮ್ಮವರು ಬಾಯಿ ಬಡಿದುಕೊಂಡರೂ, ಇವನ ತಲೆ ಅಲುಗಿರಲಿಲ್ಲ. ಮೊದಲರ್ಧವೂ ಅಲ್ಲ, ಎರಡನೇ ಅರ್ಧವೂ ಅಲ್ಲ, ಮೈ ಬಿಸಿಯಾಗುವುದೂ ಅಲ್ಲ. ಒಂದು ಕಿವಿ ಕೇಳದವನನ್ನು ನಾವು ದಿನಾ ಅರ್ಧ ಗಂಟೆ ಹೆಚ್ಚಿಗೆ ಓಡಿಸಿದ್ದೆವು.

ಸುಫಿಯಾನ್‌ನನ್ನು ಮೈದಾನದ ಹೊರಗಿನ ಟೀ ಅಂಗಡಿಗೆ ಕರೆದುಕೊಂಡು ಹೋದೆ. ಮೇಲೆ ವಾಯುನೆಲೆಯ ವಿಮಾನ ಸದ್ದು ಮಾಡುತ್ತ ಹೋಯಿತು, ಅದರ ಸದ್ದು ಅಡಗುವ ತನಕ ಕಾದೆ.

“ಮುನೇಶಂಗೆ ಎಡಗಿವಿ ಕೇಳ್ಸಲ್ಲ. ಅಲ್ವಾ?” ಎಂದೆ.

ಅವನ ಕಣ್ಣು ತುಂಬಿಕೊಂಡವು.

“ಯಾವಾಗಿಂದ್ಲೋ?”

“ಹೋದ್ ವರ್ಷ ಹೆಡರ್ ಹೊಡೆಯಕ್ಕೋಗಿ ತಲೆ ತಲೆ ಡಿಕ್ಕಿ ಆಯ್ತಲ್ಲ ಸರ್, ಆವಾಗಿಂದ. ಔಟ್‌ಸ್ಟೇಷನ್ ಮ್ಯಾಚಲ್ಲಿ ನಾನು ಅಣ್ಣ ಒಂದೇ ರೂಮು. ಬೆಳಿಗ್ಗೆ ಅಲಾರಂ ಹೊಡ್ಕೊಳ್ತಾ ಇದ್ರೂ ಏಳ್ತಿರ್ಲಿಲ್ಲ. ಬಲಗಡೆ ಮಗ್ಗುಲಾಗಿ ಮಲಗಿರೋರು, ಒಳ್ಳೆ ಕಿವಿ ದಿಂಬಲ್ಲಿರ್ತಿತ್ತು. ಇನ್ನೊಂದ್ ಮಗ್ಗುಲಾದ್ರೆ ತಕ್ಷಣ ಎದ್ಬಿಡೋರು. ನಂಗೇ ಗೊತ್ತಾಗೋಯ್ತು. ಕೇಳ್ದೆ. ನರ ಸತ್ತೋಗಿದೆ, ವಾಸಿ ಆಗಲ್ಲ ಅಂತ ಡಾಕ್ಟ್ರು ಹೇಳಿದಾರಂತೆ. ಯಾರ್ಗೂ ಹೇಳ್ಬೇಡ ಮಗಾ ಅಂತ ನನ್ ತಲೆ ಮೇಲೆ ಕೈ ಇಟ್ಬಿಟ್ರು ಸರ್.”

“ಅದಕ್ಕೆ ಪಕ್ಕದಲ್ಲಿ ಓಡ್ತಿದ್ಯಾ.”

“ಗೆರೆ ಹತ್ರ ನಿಂತ್ರೆ ನಾನು ಅವ್ರ ಬಲಗಡೆ ಬರ್ತೀನಲ್ಲ.”

“ಎಲ್ರೂ ನಿನ್ನ ಬೈದ್ರಲ್ಲೋ. ನಾನೂ ಬೈದ್ನಲ್ಲೋ.”

“ಬೈಲಿ ಬಿಡಿ ಸರ್.” ಟೀ ಗ್ಲಾಸು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ. “ಫೈನಲ್‌ಗೆ ನನ್ ಹೆಸ್ರು ಹಾಕ್ಬೇಡಿ ಸರ್. ಟಾಸ್ ಏನಾದ್ರೂ ಮಾಡಿ ಗೆಲ್ಲೋಣ. ನಾನ್ ಕೂಗ್ತೀನಿ. ಅಣ್ಣ ಆಡ್ಲಿ.”

ಎಂಥ ಹುಡುಗ. ಅವನ ತಂದೆ ಲಾಲ್ ಸಾಬ್ ಪ್ರತಿ ಮ್ಯಾಚಿಗೂ ಅಂಗಡಿ ಮುಚ್ಚಿ ಬಂದು, ಮಗ ಬೆಂಚಿನಲ್ಲಿ ಕೂತಿರುವುದನ್ನೇ ನೋಡಿಕೊಂಡು ಹೋಗುತ್ತಿದ್ದರು. “ನಮ್ ಹುಡುಗಂದು ನಂಬರ್ ಯಾವಾಗ ಬರ್ತೈತೆ ಸಾರ್?” ಎಂದು ನನ್ನನ್ನು ಕೇಳಿ ಕೇಳಿ ಸುಸ್ತಾಗಿದ್ದರು. ಅವರ ಮುಖ ನೆನಪಾಯಿತು. ಅಶ್ವತ್ಥನ ಪಕ್ಕೆಲುಬು ನೆನಪಾಯಿತು. ಅದು ಪಕ್ಕೆಯ ಬದಲು ಕುತ್ತಿಗೆಯಾಗಿದ್ದರೆ? ಅಶ್ವತ್ಥನಿಲ್ಲದೆ ಫೈನಲ್‌ಗೆ ನಿಲ್ಲಬೇಕಾಗಿದ್ದ ಎರಡನೇ ಗೋಲ್‌ಕೀಪರ್ ನಾಸಿರ್, ಇನ್ನೂ ಮೀಸೆ ಸರಿಯಾಗಿ ಬಾರದವನು, ಅವನ ಗತಿ ಏನು? ಹೆಡ್ ಕೋಚ್‌ಗೆ ಫೋನ್ ಮಾಡಿ ಒಂದೇ ಮಾತು ಹೇಳಿದೆ, ಸುಫಿಯಾನ್ ಎಂದು. ಅವರು ಕಾರಣ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುನೇಶನಿಗೆ ನಾನೇ ಹೇಳಬೇಕಿತ್ತು. ಭಾನುವಾರ ಸಂಜೆ ಅಬ್ಬಿಗೆರೆಗೆ ಹೋದೆ. ಅವನು ಮಹಡಿಯ ಮೇಲೆ ನೀರಿನ ಟ್ಯಾಂಕ್ ನೋಡುತ್ತಿದ್ದ. ಅವನ ಹೆಂಡತಿ ಶಶಿರೇಖಾ ಮೆಟ್ಟಿಲ ಹತ್ತಿರ ನಿಂತು ಎರಡು ಮೂರು ಸಲ ಕೂಗಿ, ಕೊನೆಗೆ ತಾನೇ ಹತ್ತಿ ಹೋಗಿ ಕರೆದುಕೊಂಡು ಬಂದಳು.

“ನೋಡಿ ಅಣ್ಣಾ, ನಾನು ಕರೆದ್ರೆ ಓ ಅನ್ನಲ್ಲ ಇವ್ರು” ಎಂದಳು ಕಾಫಿ ಕೊಡುತ್ತ. “ಮೊದ್ಲು ಇಂಗಿರ್ಲಿಲ್ಲ. ಈಗ ಪಕ್ಕದಲ್ಲಿ ಕೂತು ಮಾತಾಡಿದ್ರೂ ಒಂದೊಂದ್ಸಲ ಗೋಡೆ ಜೊತೆ ಮಾತಾಡಿದಂಗೆ. ಕ್ಯಾಪ್ಟನ್ ಸಾಹೇಬ್ರಿಗೆ ಹೆಂಡ್ತಿ ಮಾತು ರುಚಿಸ್ತಾ ಇಲ್ಲ.” ನಗುತ್ತಲೇ ಹೇಳಿದಳು, ಆದರೆ ಆ ನಗುವಿನಲ್ಲಿ ನೋವಿತ್ತು. ಮುನೇಶ್ ಕಾಫಿ ಲೋಟದೊಳಗೆ ಮುಖ ಇಟ್ಟ. ಇವಳಿಗೂ ಹೇಳಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಇಬ್ಬರೂ ಕೆರೆಯ ಏರಿಯ ಕಡೆ ನಡೆದೆವು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿಟ್ಟುಕೊಂಡು ಬಂದಿದ್ದೆ. ಅವನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಕೆರೆಯನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿಬಿಟ್ಟೆ. “ಮುನೇಶಾ, ಫೈನಲ್ ನೀನು ಆಡಲ್ಲ ಕಣೋ. ಸುಫಿಯಾನ್‌ನ ಇಳಿಸ್ತಾ ಇದೀನಿ. ನನ್ನ ಕ್ಷಮಿಸ್ಬಿಡು.”

ಅವನು ಏನೂ ಅನ್ನದೆ ನಡೆಯುತ್ತಿದ್ದ. ಎಷ್ಟು ಗಟ್ಟಿ ಮನುಷ್ಯ ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ನೀರಿನತ್ತ ಕೈ ತೋರಿಸಿ, “ಚಿಕ್ಕೋರಿದ್ದಾಗ ಇಲ್ಲಿ ಚೆಂಡು ಬಿದ್ರೆ ಈಜಿ ತರ್ತಿದ್ದೆ ನಂದಣ್ಣ. ಈಗ ಕಾಲಿಡಂಗಿಲ್ಲ, ಅಷ್ಟು ಗಲೀಜು” ಎಂದು ನಕ್ಕ. ಆಮೇಲೆ ನನ್ನ ಕಡೆ ತಿರುಗಿ, “ನೀವು ಏನೋ ಏಳ್ಬೇಕು ಅಂತ ಬಂದಂಗಿದೆ?” ಎಂದ.

ನಾನು ಅವನ ಎಡಗಡೆ ನಡೆಯುತ್ತಿದ್ದೆ. ವಿಡಿಯೊ ನೋಡಿ, ಟೀ ಅಂಗಡಿಯಲ್ಲಿ ಎಲ್ಲ ಕೇಳಿ ತಿಳಿದ ಮೇಲೂ ಎಡಗಡೆಯೇ ಹೋಗಿ ಸೇರಿಕೊಂಡಿದ್ದೆ. ರೈಟ್ ಬ್ಯಾಕ್‌ನ ಜೊತೆ ನಡೆಯುವವರು ಎಡಕ್ಕೇ ಹೋಗುತ್ತಾರೆ, ಅಷ್ಟು ವರ್ಷದ ಅಭ್ಯಾಸ.

ಸುತ್ತಿಕೊಂಡು ಅವನ ಬಲಕ್ಕೆ ಬಂದೆ. ನಾನು ಆ ಬದಿಗೆ ಬಂದದ್ದನ್ನು ಕಂಡ ಕೂಡಲೇ ಅವನ ಮುಖದ ಬಣ್ಣ ಹೋಯಿತು. ಇನ್ನು ಏನನ್ನೂ ಹೇಳುವ ಅಗತ್ಯವೇ ಇರಲಿಲ್ಲ, ಆದರೂ ಹೇಳಿದೆ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಅವನು ಏರಿಯ ಕಲ್ಲಿನ ಮೇಲೆ ಕೂತ.

“ಸುಫಿಯಾನ್ ಏಳಿದ್ನಾ?”

“ಇಲ್ಲ ಕಣೋ. ನಾನೇ ಕಂಡ್ಕೊಂಡೆ. ಅವ್ನು ನಿನ್ನನ್ನೇ ಆಡ್ಸಿ ಅಂತ ನನ್ ಕೈ ಹಿಡ್ಕೊಂಡ.”

“ಅಶ್ವತ್ಥ್ ಎಂಗವ್ನೆ?”

“ಉಸಿರಾಡಿದ್ರೆ ನೋವಂತೆ. ವಾಸಿ ಆಗ್ತಾನೆ.”

“ದೇವ್ರಾಣೆ ನಂಗೆ ಕೇಳಿಸ್ಲಿಲ್ಲ ನಂದಣ್ಣ.” ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ. ನಾನು ಭುಜದ ಮೇಲೆ ಕೈ ಇಟ್ಟೆ, ತೆಗೆಯಲಿಲ್ಲ. ಮುಖ ಒರೆಸಿಕೊಂಡು ಹೇಳಿದ, “ಎರಡು ಮಾತು ಕೊಡಿ. ಕೊನೆ ಐದು ನಿಮಿಷ ಆದ್ರೂ ಇಳ್ಸಿ. ಬೂಟಿಗೆ ಹುಲ್ಲು ತಾಗಿದ್ರೆ ಸಾಕು. ಇನ್ನೊಂದು, ರೇಖಂಗೆ ಏಳ್ಬೇಡಿ. ಆಟ ಇಲ್ದೆ ಇದ್ರೆ ಬೇರೆ ಏನಾದ್ರೂ ಮಾಡ್ಬೋದು ನಂದಣ್ಣ. ಅವ್ಳು ನನ್ನ ನೋಡಿ ಅಯ್ಯೋ ಪಾಪ ಅನ್ನೋದು ನಂಗೆ ಬ್ಯಾಡ.”

ಎರಡನೆಯದಕ್ಕೆ ಮಾತು ಕೊಟ್ಟೆ. ಮೊದಲನೆಯದಕ್ಕೆ ನೋಡೋಣ ಎಂದೆ.

ಫೈನಲ್ ದಿನ ಸುಫಿಯಾನ್ ಆಡಿದ. ಹೇಗೆ ಆಡಿದ ಎಂದು ನಾನು ಹೇಳಬೇಕಿಲ್ಲ, ಎಲ್ಲರೂ ನೋಡಿದ್ದಾರೆ. ನಲವತ್ತನೇ ನಿಮಿಷಕ್ಕೆ ನಮ್ಮದೊಂದು ಗೋಲು. ಎರಡನೇ ಅರ್ಧದಲ್ಲಿ ಅವನು ಬೆಂಚಿನ ಬದಿಗೆ ಬಂದಾಗ ಮುನೇಶ್ ಎದ್ದ. ಬದಲಿ ಆಟಗಾರರು ಹಾಕುವ ಹಸಿರು ಬಿಬ್ ತೊಟ್ಟು ಗೆರೆಯ ಹೊರಗೆ ಅವನ ಪಕ್ಕದಲ್ಲಿ ಓಡತೊಡಗಿದ. “ಹಿಂದೆ ಮಗಾ! ಮೇಲೋಗು! ಬಿಡು, ಕೀಪರ್ ಬಂದ!” ನಾನೂ ಆ ಜಾಗದಲ್ಲಿ ಆಡಿದವನು, ನನಗೆ ಕಾಣುತ್ತದೆ. ಮುನೇಶ್ ಕೂಗುವ ಮೊದಲೇ ಸುಫಿಯಾನ್ ಮೇಲೆ ಹೋಗಿರುತ್ತಿದ್ದ, ಹಿಂದೆ ಬಂದಿರುತ್ತಿದ್ದ. ಅವನಿಗೆ ಎರಡು ಕಿವಿಯೂ ಇದ್ದವು. ಆದರೂ ಪ್ರತಿ ಸಲ ಮುನೇಶನತ್ತ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ, ನೀವು ಹೇಳಿದ್ದರಿಂದಲೇ ಆಯಿತು ಎನ್ನುವ ಹಾಗೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಸುಫಿಯಾನ್ ನಮ್ಮ ಬೆಂಚಿನ ಮುಂದೆಯೇ ಕಾಲು ಹಿಡಿದುಕೊಂಡು ಬಿದ್ದ. ಮೀನಖಂಡ ಹಿಡಿದುಕೊಂಡಿದೆ ಎಂದು ಕೈ ಆಡಿಸಿದ. ಬದಲಾಯಿಸಿ ಎಂದು ಸನ್ನೆ ಮಾಡಿದ. ಇಡೀ ಸ್ಟೇಡಿಯಂ ನಂಬಿತು. ನಾನು ನಂಬಲಿಲ್ಲ. ಕಾಲು ಹಿಡಿದುಕೊಂಡವನು ಕಾಲನ್ನು ನೋಡಿಕೊಳ್ಳುತ್ತಾನೆ, ಇವನು ಮುನೇಶನನ್ನು ನೋಡುತ್ತಿದ್ದ.

ಮುನೇಶ್ ಬಿಬ್ ಬಿಚ್ಚಿ ನನ್ನ ಪಕ್ಕದಲ್ಲಿ ಬಂದು ನಿಂತ. ಅವನ ಅಂಗಿಯ ಮೇಲೆ ರೈಟ್ ಬ್ಯಾಕ್‌ಗಳು ತೊಡುವ ಎರಡನೇ ನಂಬರು. ಜನ ಎದ್ದು ನಿಂತು ಕೂಗತೊಡಗಿದರು. ಹೆಡ್ ಕೋಚ್ ನನ್ನತ್ತ ನೋಡಿ, ಹೇಳು ಎಂಬಂತೆ ಹುಬ್ಬೇರಿಸಿದರು. ಎದುರಾಳಿಗಳು ಎತ್ತರದ ಚೆಂಡುಗಳನ್ನೇ ಹಾಕುತ್ತಿದ್ದರು, ಗೋಲಿನಲ್ಲಿ ನಾಸಿರ್ ಪ್ರತಿ ಚೆಂಡಿಗೂ ‘ಕೀಪರ್’ ಎಂದು ಕೂಗಿಕೊಂಡು ಮುಂದೆ ಬರುತ್ತಿದ್ದ. ಹುಡುಗನ ದನಿ ಭಯಕ್ಕೆ ಒಡೆದಿತ್ತು.

ನಾನು ಗೆರೆಯ ತನಕ ಹೋಗಿ, “ಏಳೋ! ನಾಟಕ ಆಡ್ಬೇಡ. ಎದ್ದು ಆಡು!” ಎಂದು ಸುಫಿಯಾನ್ ಮೇಲೆ ಕಿರುಚಿದೆ. ಅವನು ನನ್ನನ್ನು ನೋಡಿದ ನೋಟ ಸಾಯುವ ತನಕ ಮರೆಯುವುದಿಲ್ಲ. ಎದ್ದ. ಕುಂಟದೆಯೇ ಓಡಿದ.

ತಿರುಗಿ ನೋಡಿದಾಗ ಮುನೇಶ್ ಮತ್ತೆ ಬಿಬ್ ಹಾಕಿಕೊಳ್ಳುತ್ತಿದ್ದ. ತಲೆಯ ತೂತು ಸಿಗದೆ ತಡವರಿಸಿದ, ನಾನೇ ಎಳೆದು ಸರಿ ಮಾಡಿದೆ. “ಸರಿ ನಂದಣ್ಣ” ಎಂದ. “ನಾನಾಗಿದ್ರೂ ಇಂಗೇ ಮಾಡ್ತಿದ್ದೆ.” ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಅವನಾಗಿದ್ದರೆ ಇಳಿಸುತ್ತಿದ್ದ.

ಗೆದ್ದೆವು. ಬಹುಮಾನಕ್ಕೆ ಮುಂಚೆ ಮೈಕಿನಲ್ಲಿ ಮುನೇಶನ ವಿದಾಯವನ್ನು ಘೋಷಿಸಿದರು. ಅವನು ಒಬ್ಬನೇ ಮೈದಾನದ ನಡುವಿಗೆ ಹೋದ. ನಮ್ಮ ಅಭಿಮಾನಿಗಳು ‘ಮುನೇಶ್, ಮುನೇಶ್’ ಎಂದು ಒಂದೇ ದನಿಯಲ್ಲಿ ಕೂಗಿದರು. ಆ ಕೂಗಿಗಾಗಿ ಅವನು ಎಷ್ಟು ವರ್ಷ ಆಡಿದ್ದ! ಫೈನಲ್ ಆದದ್ದರಿಂದ ಅಂದು ಸೀಟುಗಳನ್ನು ಅದಲು ಬದಲು ಮಾಡಿದ್ದರು, ನಮ್ಮವರು ಎಂದಿನ ಕಡೆ ಇರಲಿಲ್ಲ. ಕೂಗು ಬಂದದ್ದು ಅವನ ಎಡಗಡೆಯಿಂದ. ಒಂದೇ ಕಿವಿ ಇರುವವನಿಗೆ ಎಲ್ಲ ಸದ್ದೂ ಆ ಕಿವಿಯ ಕಡೆಯಿಂದಲೇ ಬಂದಂತೆ ಕೇಳುತ್ತದಂತೆ. ಅವನು ಬಲಕ್ಕೆ ತಿರುಗಿದ. ಸೋತ ತಂಡದ ಅಭಿಮಾನಿಗಳು ಮುಖ ಕೆಳಗೆ ಹಾಕಿಕೊಂಡು ಕೂತಿದ್ದ ಸ್ಟ್ಯಾಂಡಿನ ಕಡೆಗೆ ಎರಡೂ ಕೈ ಎತ್ತಿ ಮುಗಿದ. ಕಣ್ಣಲ್ಲಿ ನೀರಿತ್ತು, ಅಂಗಿಗಳ ಬಣ್ಣ ಕಂಡಿರಲಾರದು.

ಅವರು ಬೆರಗಾಗಿ ಒಬ್ಬೊಬ್ಬರಾಗಿ ಎದ್ದರು, ಆಮೇಲೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಮ್ಮವರಿಗೆ ಇದು ದೊಡ್ಡತನವಾಗಿ ಕಂಡು ಕೂಗು ಇಮ್ಮಡಿಯಾಯಿತು. ಮರುದಿನ ಪೇಪರಿನವರೂ ಅದನ್ನೇ ಬರೆದರು, ಸೋತವರಿಗೆ ಮೊದಲು ಕೈ ಮುಗಿದ ನಾಯಕ ಎಂದು. ಬರೆಯಲಿ. ಸುಫಿಯಾನ್ ಓಡಿ ಹೋಗಿ, ತಬ್ಬಿಕೊಳ್ಳುವವನ ಹಾಗೆ ಭುಜ ಹಿಡಿದು ಅವನನ್ನು ನಮ್ಮವರ ಕಡೆಗೆ ತಿರುಗಿಸಿದ.

ಕಪ್ ಕೊಟ್ಟ ಮೇಲೆ ಮನೆಯವರನ್ನೆಲ್ಲ ಮೈದಾನಕ್ಕೆ ಬಿಟ್ಟರು. ಲಾಲ್ ಸಾಬ್ ಮಗನ ಹಣೆಗೆ ಮುತ್ತಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನು ಕಾರ್ನರ್ ಬಳಿ ನಿಂತಿದ್ದೆ. ಶಶಿರೇಖಾ ನನ್ನ ಹತ್ತಿರ ಬಂದಳು, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

“ನೋಡಿ ಅಣ್ಣಾ, ಆಗ್ಲಿಂದ ಪಕ್ಕದಲ್ಲೇ ನಿಂತು ಕರೀತಿದೀನಿ, ತಿರುಗಿ ನೋಡಲ್ಲ. ಯಾರ್ಯಾರ್ಗೋ ಕೈ ಮುಗಿದ್ರು. ಆಡ್ಸಿಲ್ಲ ಅನ್ನೋ ಕೋಪ ನನ್ ಮೇಲ್ಯಾಕೆ ಅಣ್ಣಾ? ನಾನೇನ್ ತಪ್ಪು ಮಾಡ್ದೆ?”

ಮುನೇಶ್ ಸ್ವಲ್ಪ ದೂರದಲ್ಲಿ ಕಪ್ ಹಿಡಿದು ಒಬ್ಬನೇ ನಿಂತಿದ್ದ. ಕೆರೆ ಏರಿಯ ಮೇಲೆ ಕೊಟ್ಟ ಮಾತು ನೆನಪಿತ್ತು. ಅವನ ಒಂದು ಆಸೆಯನ್ನು ಆಗಲೇ ಮುರಿದಿದ್ದೆ. ಇನ್ನೊಂದನ್ನು ಉಳಿಸಿಕೊಂಡು ಏನು ಮಾಡಲಿ ಎನ್ನಿಸಿತು.

“ಆ ಕಡೆ ಹೋಗಿ ಕರೀಮ್ಮಾ” ಎಂದೆ. “ಬಲಗಡೆಯಿಂದ. ಮೆಲ್ಲಗೆ ಕರೆದ್ರೂ ಸಾಕು.”

ಅವಳಿಗೆ ಅರ್ಥವಾಗಲಿಲ್ಲ. ಆದರೂ ಹೋದಳು. ಅವನ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು, ಪಿಸುಮಾತಿನಷ್ಟು ಸಣ್ಣ ದನಿಯಲ್ಲಿ “ರೀ” ಎಂದಳು. ಅವನು ಥಟ್ಟನೆ ತಿರುಗಿದ. ಅವಳನ್ನು ಕಂಡು ನಕ್ಕ, ಕಪ್ಪನ್ನು ಅವಳ ಮುಂದೆ ಹಿಡಿದ.

ಅವಳು ಕಪ್ಪನ್ನು ನೋಡಲಿಲ್ಲ. ಒಮ್ಮೆ ನನ್ನ ಕಡೆ ನೋಡಿದಳು, ಒಮ್ಮೆ ತಾನು ಅಷ್ಟು ಹೊತ್ತು ನಿಂತು ಕರೆದಿದ್ದ ಜಾಗವನ್ನು ನೋಡಿದಳು. ಆಮೇಲೆ ಕೈ ಚಾಚಿ ಅವನ ಎಡಗಿವಿಯನ್ನು ಅಂಗೈಯಿಂದ ಮುಚ್ಚಿದಳು. ಅವನು ಕಣ್ಣು ಮುಚ್ಚಿಕೊಂಡು ಹಾಗೇ ನಿಂತ. ನಾನು ಚೆಂಡುಗಳನ್ನು ಚೀಲಕ್ಕೆ ತುಂಬಲು ಹೋದೆ.